ಉಸಿರು 20

ಮಂಗಳವಾರ ನೈಟ್ ಡ್ಯೂಟಿಯಲ್ಲಿ ಆ ಮಗಳು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಕೂತಿದೆ.

"ಸಿಸ್ಟರ್, ನಮ್ಮವ್ವನ ಉಸರು ಯಾಕೋ ಬ್ಯಾರೆ ಆಗೇತ್ರಿ."

ಕೂತಲ್ಲಿಂದಲೇ ಕಂಪ್ಯೂಟರ್ ಪರದೆ ನೋಡಿದೆ. ಹಸಿರು. "ಏನೂ ಆಗಿಲ್ಲವಾ, ಕಂಪ್ಯೂಟರ್‌ನ್ಯಾಗ ಎಲ್ಲಾ ಬರೋಬ್ಬರಿ ಐತಿ" ಅಂದೆ.

"ಕಂಪ್ಯೂಟರಿಗೆ ನಮ್ಮವ್ವ ಕಾಣ್ತಾಳೇನ್ರಿ?"

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೂ ಎದ್ದು ಹೋದೆ. ಮುದುಕಿಯ ಇಳಕಲ್ ಸೀರೆಯ ಸೆರಗು ಹೊಟ್ಟೆ ಮೇಲೆ ಬಿದ್ದಿತ್ತು. ಅದರ ಕೆಂಪು ಅಂಚು ಏರಿಳಿಯೋದನ್ನೇ ನೋಡ್ತಾ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ. 32. ಚಾರ್ಟಿನಲ್ಲಿ ಇದ್ದದ್ದು 20.

ನಮ್ಮ ಬಾಗಲಕೋಟೆಯ ಆಸ್ಪತ್ರೆಗೆ ಈ ಸಾಫ್ಟ್‌ವೇರ್ ಬಂದು ಎರಡು ತಿಂಗಳಾಯ್ತು. ನಾಡಿ, ಬಿಪಿ, ಜ್ವರ, ಆಕ್ಸಿಜನ್, ಉಸಿರು ಎಲ್ಲ ಹಾಕಿದರೆ ಯಾರಿಗೆ ತ್ರಾಸ ಜಾಸ್ತಿ ಆಗಬಹುದು ಅಂತ ಮೊದಲೇ ಹೇಳುತ್ತೆ. ಒಳಗಿರೋದು ಬ್ರಿಟನ್ನಿನವರು 2012ರಲ್ಲಿ ತಂದ ನ್ಯೂಸ್ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಲೆಕ್ಕವೇ. ಉಸಿರು ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ ಅಂಕ, 25 ಮುಟ್ಟಿದರೆ ಮೂರು. ಯಾವುದಾದರೂ ಒಂದರಲ್ಲೇ ಮೂರು ಬಂದರೂ ಡಾಕ್ಟರನ್ನ ಕರೀಬೇಕು. ಮಿಕ್ಕಿದ್ದನ್ನೆಲ್ಲ ಮಷೀನು ಅಳೆಯುತ್ತೆ, ನಮ್ಮ ವಾರ್ಡಿನಲ್ಲಿ ಉಸಿರು ಮಾತ್ರ ನಾವೇ ಎಣಿಸಬೇಕು. ಎಣಿಸೋಕೆ ಟೈಮ್ ಎಲ್ಲಿ? ಇಬ್ಬರು ಸಿಸ್ಟರು, ಮೂವತ್ತು ಬೆಡ್ಡು. ಕಣ್ಣಳತೆಯಲ್ಲೇ 20 ಅಂತ ಬರೆದುಬಿಡ್ತೀವಿ.

2021ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳೇ ಕೆಡೋ ಸ್ಥಿತಿ) ಮುಂಚೆಯೇ ಹಿಡಿಯೋ ಕಂಪ್ಯೂಟರ್ ಮಾಡೆಲ್ ಒಂದನ್ನ ಪರೀಕ್ಷೆ ಮಾಡಿದ್ದರು. ಸೆಪ್ಸಿಸ್ ಆದವರಲ್ಲಿ ನೂರಕ್ಕೆ 67 ಜನರನ್ನ ಅದು ಹಿಡಿದೇ ಇರಲಿಲ್ಲವಂತೆ. ಅದನ್ನ ಓದಿದಾಗ "ನೋಡ್ರಿ, ಮಷೀನಿನ ಹಣೇಬರಹ" ಅಂತ ವಾರ್ಡಲ್ಲೆಲ್ಲ ಹೇಳಿಕೊಂಡು ನಕ್ಕಿದ್ದೆ. ಇಲ್ಲಿ ಮಷೀನು ಏನು ತಪ್ಪು ಮಾಡ್ತು? 20 ಅಂತ ಕೊಟ್ಟೆವು, ಹಸಿರು ತೋರಿಸ್ತು.

ಡ್ಯೂಟಿ ಡಾಕ್ಟರು ಬಂದವರೇ "ಹಸಿರು ಇತ್ತಲ್ಲ?" ಅಂದರು. ಒಳ್ಳೆ ಹುಡುಗ, ಆದರೆ ರೋಗಿಗಿಂತ ಮೊದಲು ಮೊಬೈಲ್ ನೋಡೋ ಚಟ. ನ್ಯುಮೋನಿಯಾ ಅಂತಾಯ್ತು, ಐಸಿಯುಗೆ ಹಾಕಿದರು. ಈಗ ಗಂಜಿ ಕುಡೀತಿದ್ದಾಳೆ.

ಆ 20 ಬರೆದದ್ದು ಹೊಸ ಹುಡುಗಿ ಅಂತ ಬೈಯೋಕೆ ಹೋಗಿದ್ದೆ. ಮೊದಲು ಹಳೇ ಎಂಟ್ರಿ ತೆಗೆದು ನೋಡಿದೆ. ಸೋಮವಾರ ಹನ್ನೊಂದು ಬೆಡ್ಡಿಗೆ ಸಾಲಾಗಿ 20, 20, 20. ಲಾಗಿನ್ ನನ್ನದೇ.

ನಿನ್ನೆ ಆ ಮಗಳು ಕಾರಿಡಾರಿನಲ್ಲಿ ಸಿಕ್ಕಳು. "ಇವತ್ತು ಎಷ್ಟ ಬಂತ್ರಿ?" ಅಂದಳು. "22" ಅಂದೆ.

"ಎಣಿಸೀರಿ ಅಲ್ರೀ?"