ಕೊನೆಯ ಉಕಾರ ಕೊನೆಗೂ ಕೇಳಿಸಿತು

ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುವ ಭಾಗದ ಫೈಲ್ ಕೊನೆಗೂ ಸರಿಯಾಯಿತು! ಕುಮಾರವ್ಯಾಸ ಭಾರತವನ್ನು ಓದಿ, ಯಾರು ಬೇಕಾದರೂ ಉಚಿತವಾಗಿ ಕೇಳುವಂತೆ ಹಾಕುವ ಈ ಕೆಲಸದಲ್ಲಿ ಇಷ್ಟು ಕಾಡಿದ ಭಾಗ ಇನ್ನೊಂದಿಲ್ಲ.

ಮೈಕ್, ಧ್ವನಿ ಎಡಿಟ್ ಮಾಡುವ ಒಡಾಸಿಟಿ, ಫೈಲಿಗೆ ಹೆಸರಿಡುವುದು ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡೋಣ. ಅಳತೆಯೆಲ್ಲ, ಹಕ್ಕುಸ್ವಾಮ್ಯ ಇಲ್ಲದ ಪುಸ್ತಕಗಳನ್ನು ಓದಿ ಉಚಿತವಾಗಿ ಹಂಚುವ ಲಿಬ್ರಿವಾಕ್ಸ್‌ನದ್ದೇ: ಮೋನೋ, 44.1 ಕಿಲೋಹರ್ಟ್ಸ್, 128 ಕೆಬಿಪಿಎಸ್ ಎಂಪಿ3, ಧ್ವನಿಮಟ್ಟ 89 ಡೆಸಿಬೆಲ್ ಆಸುಪಾಸು. ಹಕ್ಕುಸ್ವಾಮ್ಯದ ಬಗ್ಗೆ ಒಂದೇ ಮಾತು. ಪದ್ಯ ಎಲ್ಲರದ್ದು. ಹೊಸ ಮುದ್ರಣಗಳಲ್ಲಿರುವ ಟಿಪ್ಪಣಿ, ತಾತ್ಪರ್ಯ ಬರೆದವರದ್ದು. ಅದನ್ನು ಓದಿ ಸೇರಿಸಬೇಡಿ.

ಈಗ ಸಮಸ್ಯೆಗೆ ಬರೋಣ. ನನ್ನ ಫೈಲುಗಳನ್ನೆಲ್ಲ ಪುಸ್ತಕ ನೋಡದೆ ಕೇಳಿ ತಪ್ಪು ಹಿಡಿಯುವ ಗೆಳತಿಯೊಬ್ಬಳಿದ್ದಾಳೆ. ಕಿವಿ ಬಹಳ ಚುರುಕು. ಈ ಭಾಗ ಕೇಳಿದವಳು, "ಪದ ಎಲ್ಲ ಸರಿಯಿದೆ ಕಣೋ, ಆದ್ರೆ ಏನೋ ಕುಂಟ್ತಾ ಇದೆ" ಅಂದಳು. ಎಲ್ಲಿ ಅಂತ ಕೇಳಿದರೆ, "ಎಲ್ಲಾ ಕಡೆ" ಅಂದಳು.

ಮೊದಲ ಅನುಮಾನ ಉಸಿರಿನ ಮೇಲೆ. ಈ ಕಾವ್ಯ ಇರುವುದು ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ. ಅದರ 1, 2, 4, 5ನೇ ಸಾಲುಗಳು ಮೂರು-ನಾಲ್ಕು-ಮೂರು-ನಾಲ್ಕು, ಒಟ್ಟು 14 ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ). ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ಓದುವವರಿಗೆ ತೊಂದರೆ ಎಲ್ಲಿ ಅಂದರೆ, ಪದಗಳು ಸಾಲಿನ ಗಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಪದ ಮೊದಲ ಸಾಲಿನ ತುದಿಯಲ್ಲಿ ಶುರುವಾಗಿ ಎರಡನೆಯದರಲ್ಲಿ ಮುಗಿಯುತ್ತದೆ. ಪುಟದ ಮೇಲೆ ಕಣ್ಣು ಅದನ್ನು ಜೋಡಿಸಿಕೊಳ್ಳುತ್ತದೆ. ಸುಮ್ನೆ ಕೇಳುವವರಿಗೆ ಆ ಅನುಕೂಲ ಇಲ್ಲ. ಪ್ರತಿ ಸಾಲಿಗೂ ನಿಂತರೆ ಪದ ಮುರಿಯುತ್ತದೆ. ಅರ್ಥ ಹಿಡಿದು ಗದ್ಯದಂತೆ ಓದಿದರೆ ಮೂರು-ನಾಲ್ಕರ ನಡಿಗೆಯೇ ಹೋಗುತ್ತದೆ. ಕಾವ್ಯವನ್ನು ಹಾಡಿ ಓದುವ ಗಮಕಿಗಳು ರಾಗದಲ್ಲಿ ಇದನ್ನು ಎಷ್ಟು ಚೆನ್ನಾಗಿ ದಾಟಿಸುತ್ತಾರೆ! ಬೇಕಾದ ಕಡೆ ಎಳೆದು, ಪದವನ್ನು ಮತ್ತೆ ಹಾಡಿ, ಅರ್ಥವನ್ನು ವ್ಯಾಖ್ಯಾನ ಮಾಡುವವರಿಗೆ ಬಿಡುತ್ತಾರೆ. ನಾನು ಹಾಡುತ್ತಿಲ್ಲ, ಬರೀ ಓದುತ್ತಿದ್ದೇನೆ. ಹಾಗಾಗಿ ನಿಲ್ಲುವ ಜಾಗವೇ ಎಲ್ಲ.

ಪೆನ್ಸಿಲ್ ಹಿಡಿದು ಇಡೀ ಸಂಧಿಗೆ, ಅಂದರೆ ಅಧ್ಯಾಯಕ್ಕೆ, ಗುರುತು ಹಾಕಿದೆ. ದೊಡ್ಡ ನಿಲುಗಡೆ ಮೂರನೆಯ ಮತ್ತು ಆರನೆಯ ಸಾಲಿನ ಗುರುವಿನ ನಂತರ ಮಾತ್ರ. ಸಣ್ಣ ಉಸಿರು, ಗಣವೂ (ಮೂರು ಅಥವಾ ನಾಲ್ಕು ಮಾತ್ರೆಯ ಗುಂಪು) ಪದವೂ ಒಟ್ಟಿಗೆ ಮುಗಿಯುವ ಕಡೆ. ಉಳಿದ ಕಡೆ ನಿಲ್ಲುವುದೇ ಇಲ್ಲ. ಮತ್ತೆ ಓದಿ ಕಳಿಸಿದೆ. "ಈಗ ಅರ್ಥ ಆಗ್ತಿದೆ. ಕುಂಟೋದು ಹೋಗಿಲ್ಲ" ಅಂತ ಉತ್ತರ ಬಂತು.

ತಲೆ ಕೆಟ್ಟು ಎಡಿಟ್ ಮಾಡದ ಮೂಲ ಫೈಲ್ ಹಾಕಿ ಕೇಳಿದೆ. ಅದು ಕುಂಟುತ್ತಿರಲಿಲ್ಲ!

ಕಳ್ಳ ಸಿಕ್ಕಿದ್ದು ಅಲ್ಲಿ. ಫ್ಯಾನ್ ಇಲ್ಲದಿದ್ದರೂ ಉಳಿಯುವ ಗುಂಯ್ ಸದ್ದು ತೆಗೆಯಲು ನಾಯ್ಸ್ ಗೇಟ್ ಇತ್ತು. ಧ್ವನಿ ಒಂದು ಮಟ್ಟಕ್ಕಿಂತ ಇಳಿದರೆ ಗೇಟ್ ಮುಚ್ಚಿಕೊಳ್ಳುತ್ತದೆ, ಅಲ್ವಾ? ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಉಸಿರು ತೆಗೆದುಕೊಳ್ಳುವ ಮುಂಚೆ ದನಿ ಇಳಿಯುತ್ತದೆ, ಆಗ ಕೊನೆಯ ಉಕಾರ, ಇಕಾರ ತೀರಾ ಮೆಲ್ಲಗಾಗುತ್ತದೆ. ಗೇಟ್ ಅದನ್ನೂ ಗದ್ದಲ ಅಂದುಕೊಂಡು ನುಂಗುತ್ತಿತ್ತು. 'ಎಂದು' ಅನ್ನುವುದು 'ಎಂದ್' ಆಗಿತ್ತು. ಉಸಿರಿನ ನಂತರ ಹಕಾರದಿಂದ ಶುರುವಾಗುವ ಪದದ ತಲೆಯೂ ಹಾರಿತ್ತು. ಕಿವಿಗೆ ಮೂರು ಮಾತ್ರೆ ಎರಡೂವರೆಯಂತೆ ಕೇಳಿದರೆ ಪದ್ಯ ಕುಂಟದೆ ಏನು ಮಾಡೀತು?

ಯುದ್ಧದ ಪದ್ಯಗಳಲ್ಲಿ ಇದು ಗೊತ್ತಾಗಿರಲಿಲ್ಲ. ಅಲ್ಲಿ ದನಿ ಜೋರು. ಇಲ್ಲಿ ಕೃಷ್ಣ ಕರ್ಣನ ಹತ್ತಿರ ಮೆಲ್ಲಗೆ ಮಾತಾಡುತ್ತಾನೆ. ಆ ಮೆಲುದನಿಯೇ ಈ ಭಾಗದ ಜೀವ, ಗೇಟ್ ಹಾಕಿದ್ದು ಅದಕ್ಕೇ ಕತ್ತರಿ.

ಈಗ ಗೇಟ್ ಬಳಸುವುದನ್ನೇ ಪೂರ್ತಿ ಬಿಟ್ಟೆ. ಹಿನ್ನೆಲೆಯ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್ 12ರಿಂದ 6 ಡೆಸಿಬೆಲ್‌ಗೆ ಇಳಿಸಿದೆ. ಮೈಕನ್ನು ಒಂದು ಗೇಣಿನಷ್ಟು ಹತ್ತಿರ ತಂದು, ಬಾಯಿಗೆ ನೇರವಾಗಿ ಇಡದೆ ಸ್ವಲ್ಪ ಪಕ್ಕಕ್ಕೆ ತಿರುಗಿಸಿದೆ. ಇಲ್ಲದಿದ್ದರೆ ಭಕಾರ, ಫಕಾರದ ಗಾಳಿ ನೇರ ಹೊಡೆಯುತ್ತದೆ. ಮಹಾಪ್ರಾಣವನ್ನು ಮೆತ್ತಗೆ ಮಾಡಿ ಓದುವುದಕ್ಕೆ ನನಗೆ ಮನಸ್ಸಿಲ್ಲ. ನಿಲುಗಡೆಗಳಲ್ಲಿ ಪೂರ್ತಿ ಮೌನ ತುಂಬುವ ಬದಲು, ಅದೇ ಕೋಣೆಯ ಖಾಲಿ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ ಅದರ ತುಂಡುಗಳನ್ನು ಅಂಟಿಸಿದೆ. ಸದ್ದು ಚೂರು ಜಾಸ್ತಿಯೇ ಇದೆ. ಇರಲಿ. ಉಕಾರ ಬಂತು!

ಕೇಳುವವರಿಗೂ ಒಂದು ಕೋರಿಕೆ. ಕೆಲವು ಪಾಡ್‌ಕಾಸ್ಟ್ ಆ್ಯಪ್‌ಗಳಲ್ಲಿ ಮೌನವನ್ನು ತಾನಾಗಿಯೇ ಕತ್ತರಿಸುವ ಆಯ್ಕೆ ಇರುತ್ತದೆ. ಕತೆಗೆ ಪರವಾಗಿಲ್ಲ, ಷಟ್ಪದಿ ಕೇಳುವಾಗ ದಯವಿಟ್ಟು ಅದನ್ನು ಆಫ್ ಮಾಡಿ. ವೇಗ ಬೇಕಾದರೆ ಹೆಚ್ಚಿಸಿಕೊಳ್ಳಿ. ಮಾತ್ರೆ, ನಿಲುಗಡೆ ಎರಡೂ ಒಂದೇ ಲೆಕ್ಕದಲ್ಲಿ ಕುಗ್ಗುವುದರಿಂದ ನಡಿಗೆ ಕೆಡುವುದಿಲ್ಲ.

ಇನ್ನು ಫೋಮ್ ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. 'ಸೌಂಡ್‌ಪ್ರೂಫ್' ಅಂತ ಬರೆದು ಮಾರುತ್ತಾರೆ. ಫೋಮ್ ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತದೆ ಅಷ್ಟೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ಅಂಟಿಸಿದ ಮೇಲೆ ಪ್ರತಿಧ್ವನಿ ಹೋಗಿ, ಹೊರಗಿನ ನಾಯಿಯ ಬೊಗಳು ಇನ್ನೂ ಚೊಕ್ಕವಾಗಿ ರೆಕಾರ್ಡ್ ಆಯಿತು! ಹೊಸದಾಗಿ ಶುರು ಮಾಡುವವರು ದುಡ್ಡು ಉಳಿಸಿ, ದಪ್ಪ ಕಂಬಳಿ ತೂಗು ಹಾಕಿ.

ನಡುವೆ ಮುದ್ದಣನ ರಾಮಾಶ್ವಮೇಧ ಕರೆಯುತ್ತಿದೆ. ಮುದ್ದಣ ತೀರಿಕೊಂಡದ್ದು 1901ರಲ್ಲಿ, ಹಕ್ಕುಸ್ವಾಮ್ಯದ ತೊಡಕಿಲ್ಲ. ಗದ್ಯವಾದ್ದರಿಂದ ಮಾತ್ರೆಯ ಕಾಟವೂ ಇಲ್ಲ. ಅದನ್ನು ಎರಡು ದನಿಯಲ್ಲೇ ಮಾಡಬೇಕು. ಗಂಡ ಕತೆ ಹೇಳುತ್ತಾನೆ, ಮನೋರಮೆ ಮಧ್ಯೆ ಬಾಯಿ ಹಾಕಿ ಕೆಣಕುತ್ತಾಳೆ. ಆ ಕೆಣಕು ಎಡಿಟ್‌ನಲ್ಲಿ ಜೋಡಿಸಿದರೆ ಬರುವುದಿಲ್ಲ, ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಓದಬೇಕು. ಆಗ ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಸೋರುತ್ತದೆ. ಎರಡು ಮೈಕನ್ನು ಎದುರುಬದುರು ಇಟ್ಟು ಮಾಡಿದವರು ಇದ್ದರೆ ಹೇಳಿ. ಮನೋರಮೆಯ ಪಾತ್ರ ಯಾರಿಗೆ ಅಂತ ಕೇಳಬೇಕಾ? ಗೆಳತಿ ಆಗಲೇ ಒಪ್ಪಿದ್ದಾಳೆ.

ಅದಕ್ಕೂ ಮೊದಲು ಹಳೆಯ ಫೈಲುಗಳಿವೆ. ಅವೆಲ್ಲ ಅದೇ ಗೇಟ್ ದಾಟಿ ಬಂದವು. ಮೂಲ ವೇವ್ ಫೈಲುಗಳು ಹಾಗೇ ಇರುವುದರಿಂದ ಮತ್ತೆ ಓದಬೇಕಿಲ್ಲ, ಗೇಟ್ ಇಲ್ಲದೆ ಇನ್ನೊಮ್ಮೆ ಎಂಪಿ3 ಮಾಡಿದರೆ ಸಾಕು. ಆದಿಪರ್ವದ ಮೊದಲ ಸಂಧಿಯಿಂದ ಶುರು ಮಾಡಿದ್ದೇನೆ.