ಪೈಪಿನ ಪಕ್ಕದ ಹೊಸ ಮಣ್ಣು

ಅಂದು ಬೆಳಗ್ಗೆ ನನ್ನ ಕೈಗೆ ಮೊದಲು ಬಂದದ್ದು ಹುಲ್ಲು ಕತ್ತರಿಸುವ ಯಂತ್ರ. ಹುಲ್ಲುಗಾವಲು ಉಳಿಸೋಕೆ ಬಂದು ಹುಲ್ಲನ್ನೇ ಕತ್ತರಿಸಬೇಕಾ ಎಂದು ಕೇಳಿದೆ. "ಹುಲ್ಲು ಎತ್ತರ ಇದ್ರೆ ಅವು ಇಲ್ಲಿ ನಿಲ್ಲಲ್ಲ. ನರಿ ಬರೋದು ಕಾಣಬೇಕಲ್ವಾ?" ಎಂದರು ತಂಡದ ಹಿರಿಯರು.

ಅವು ಎಂದರೆ ಕಪ್ಪು ಬಾಲದ ಪ್ರೇರಿ ಡಾಗ್‌ಗಳು. ಜಾಗ ಅಮೆರಿಕದ ಅರಿಜೋನಾದಲ್ಲಿರುವ ಲಾಸ್ ಸಿಯೆನೆಗಾಸ್ ಹುಲ್ಲುಗಾವಲು. ಹೆಸರಲ್ಲಿ ನಾಯಿ ಇದ್ದರೂ ಇದು ಅಳಿಲಿನ ಬಳಗದ ಪ್ರಾಣಿ. ಅಪಾಯ ಕಂಡರೆ ಬೊಗಳಿದ ಹಾಗೆ ಕೂಗುತ್ತದೆ, ಹಾಗಾಗಿ ಆ ಹೆಸರು. ದನಗಳ ಮೇವು ತಿಂದು ಹಾಳು ಮಾಡುತ್ತವೆ ಎಂದು ಕಳೆದ ಶತಮಾನದಲ್ಲಿ ಇವಕ್ಕೆ ವಿಷ ಹಾಕಿದರು. 1960ರ ಹೊತ್ತಿಗೆ ಈ ಜಾತಿ ಅರಿಜೋನಾದಲ್ಲಿ ಒಂದೂ ಉಳಿದಿರಲಿಲ್ಲ. 2008ರಲ್ಲಿ ನ್ಯೂ ಮೆಕ್ಸಿಕೋದಿಂದ ತಂದು ಇಲ್ಲಿ ಮತ್ತೆ ಬಿಡಲು ಶುರು ಮಾಡಿದರು. ನಾನು ಕೆಲಸಕ್ಕೆ ಸೇರಿಕೊಂಡದ್ದು ಅದಾಗಿ ಕೆಲವು ವರ್ಷದ ಮೇಲೆ.

ಮಧ್ಯಾಹ್ನದವರೆಗೂ ನೆಲ ಅಗೆದೆವು. ನೆಲದಡಿ ಒಂದು ಗೂಡಿನ ಪೆಟ್ಟಿಗೆ, ಅಲ್ಲಿಂದ ಮೇಲಕ್ಕೆ ಸುರುಳಿ ಗೆರೆಯ ಪ್ಲಾಸ್ಟಿಕ್ ಪೈಪು, ಪೈಪಿನ ಬಾಯಿಗೆ ತಂತಿ ಪಂಜರ. ಹೊಸ ಜಾಗಕ್ಕೆ ಬಂದ ಪ್ರಾಣಿಗೆ ಅಡಗಲು ಬಿಲ ಇಲ್ಲದಿದ್ದರೆ ಗಾಬರಿಯಲ್ಲಿ ಓಡಿಹೋಗುತ್ತದೆ, ಹದ್ದಿಗೋ ನರಿಗೋ ಸಿಗುತ್ತದೆ. ಹಾಗಾಗಿ ಮೊದಲ ಮನೆ ನಾವೇ ಕಟ್ಟಿಕೊಡಬೇಕು. ಮಣ್ಣು ಕಲ್ಲಿನ ಹಾಗೆ ಗಟ್ಟಿ. ಪಿಕಾಸಿ ಹಿಡಿದ ಅಂಗೈಯಲ್ಲಿ ಬೊಬ್ಬೆ ಬಂತು. ಇಂಥ ನೆಲವನ್ನು ಅವು ಬರೀ ಉಗುರಿನಿಂದ ತೋಡುತ್ತವೆ!

ಸಾಯಂಕಾಲ ಪ್ರಾಣಿಗಳಿದ್ದ ಪೆಟ್ಟಿಗೆಗಳು ಬಂದವು. ಪ್ರತಿಯೊಂದರ ಮೇಲೂ ಕುಟುಂಬದ ಗುರುತು. ಒಂದು ಗಂಡು, ಮೂರ್ನಾಲ್ಕು ಹೆಣ್ಣು, ಅವುಗಳ ಮರಿಗಳು, ಹೀಗೆ ಒಂದು ಕುಟುಂಬ. ಒಟ್ಟಿಗೇ ಬಿಟ್ಟರೆ ಬದುಕುವುದು ಜಾಸ್ತಿ, ಬೇರೆ ಮಾಡಿದರೆ ಕಷ್ಟ. ಪ್ಲೇಗ್ ಹರಡುವ ಚಿಗಟ ಸಾಯಲೆಂದು ಮೊದಲೇ ಅವುಗಳ ಮೈಗೆ ಪುಡಿ ಹಾಕಿದ್ದರು. ಪ್ಲೇಗ್ ಹೊಕ್ಕರೆ ಇಡೀ ಕಾಲೋನಿಯೇ ಖಾಲಿಯಾಗಬಹುದು.

ನನ್ನ ಕೈಯಲ್ಲಿದ್ದ ಪೆಟ್ಟಿಗೆಯೊಳಗೆ ಒಂದಿಷ್ಟೂ ಸದ್ದಿಲ್ಲ. ಆದರೆ ಅದು ನಡುಗುತ್ತಿದ್ದದ್ದು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಬಾಗಿಲನ್ನು ಪೈಪಿಗೆ ಹಿಡಿದು ತೆರೆದೆ. ತುಂಬಾ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪೈಪಿನೊಳಗೆ ಉಗುರು ಕೆರೆಯುವ ಸದ್ದು ಕೆಳಗೆ, ಇನ್ನೂ ಕೆಳಗೆ ಹೋಯಿತು. ನಾನು ಮಂಡಿಯೂರಿ ಕೂತಲ್ಲೇ ಕೂತಿದ್ದೆ.

ಇಷ್ಟೆಲ್ಲ ಪಾಡು ಯಾಕೆ ಎಂದು ಗೆಳತಿ ಕೇಳಿದ್ದಳು. ಬಿಲಕ್ಕಾಗಿ ಎಂದೆ. ಇವು ಬಿಟ್ಟ ಬಿಲದಲ್ಲಿ ಗೂಬೆ ಸಂಸಾರ ಹೂಡುತ್ತದೆ, ಹಾವು ಹಲ್ಲಿ ಬಿಸಿಲಿನಿಂದ ತಪ್ಪಿಸಿಕೊಳ್ಳುತ್ತವೆ. ತೋಡಿದ ನೆಲದಲ್ಲಿ ಮಳೆ ನೀರು ಇಂಗುತ್ತದೆ. ಪದೇ ಪದೇ ಮೇಯ್ದ ಕಡೆ ಎಳೆ ಹುಲ್ಲು ಚಿಗುರುತ್ತದೆ. ಜಾಲಿಯ ಬಂಧು ಮೆಸ್ಕೀಟ್‌ನ ಸಸಿಗಳನ್ನು ಇವು ಕಡಿದು ಹಾಕುತ್ತವೆ. ಇವು ಇಲ್ಲವಾದ ಕಡೆಯಲ್ಲೆಲ್ಲ ಆ ಪೊದೆ ಹುಲ್ಲನ್ನು ನುಂಗುತ್ತಾ ಬರುತ್ತದೆ. ಇವನ್ನೇ ತಿಂದು ಬದುಕುವ, ಮುಂಗುಸಿಯ ಹಾಗೆ ಕಾಣುವ ಕಪ್ಪು ಕಾಲಿನ ಫೆರೆಟ್ ಅಂತೂ 1987ರ ಹೊತ್ತಿಗೆ ಬರೀ 18 ಉಳಿದಿದ್ದವು. ಮೇವಿನ ಲೆಕ್ಕ ಹಾಕಿದವರು ನೆಲದಡಿಯ ಈ ಲೆಕ್ಕ ಹಾಕಲೇ ಇಲ್ಲ. ಅದು ನನಗೆ ಇವತ್ತಿಗೂ ಸಂಕಟ.

ಕೆಲವು ದಿನ ಕಳೆದು ಪಂಜರ ತೆಗೆಯಲು ಹೋದೆವು. ದೂರದಲ್ಲೇ ಗಾಡಿ ನಿಲ್ಲಿಸಿದೆವು. ಒಂದು ಪ್ರೇರಿ ಡಾಗ್ ಹಿಂಗಾಲುಗಳ ಮೇಲೆ ನಿಂತು, ಕತ್ತು ಹಿಂದಕ್ಕೆ ಚೆಲ್ಲಿ, ಎಗರಿ ಕೂಗಿತು. ಇನ್ನೊಂದು ಹಾಗೇ ಮಾಡಿತು. ಅಲ್ಲಿಂದ ಮತ್ತೊಂದು.

ಹತ್ತಿರ ಹೋದಾಗ ಎಲ್ಲವೂ ಒಳಗೆ ಓಡಿದವು. ನಾನು ಹೂತಿದ್ದ ಪೈಪಿನ ಪಕ್ಕ, ಪಂಜರದ ಅಂಚಿನಡಿಯಿಂದ, ಹಸಿ ಮಣ್ಣಿನ ಗುಡ್ಡೆ ಎದ್ದಿತ್ತು. ನಡುವೆ ಒಂದು ಹೊಸ ಬಾಯಿ. ಮಣ್ಣು ಮುಟ್ಟಿ ನೋಡಿದೆ. ಇನ್ನೂ ತಣ್ಣಗಿತ್ತು.