ಬಣ್ಣ ಹೊಡೆದುಬಿಡಿ ಅಂದರು

"ಚೆನ್ನಾಗಿದೆ. ಪೂರ್ತಿ ಒಂದೇ ಬಣ್ಣ ಹೊಡೆದುಬಿಡಿ, ಕಸ ಅಂತ ಗೊತ್ತೇ ಆಗಲ್ಲ."

ಎಸೆದ ಪ್ಲಾಸ್ಟಿಕ್ ಸಾಮಾನಿನಿಂದ ನಾನು ಕಟ್ಟಿದ ಕುದುರೆಯನ್ನು ಈ ವಾರ ನೋಡಲು ಬಂದ ಹಿರಿಯರೊಬ್ಬರು ಹೀಗಂದು ಹೋದರು. ಆ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಕುಹಕದ ಮನುಷ್ಯರಲ್ಲ, ಖುಷಿಯಿಂದಲೇ ಹೇಳಿದ್ದು. ಆದರೂ ಚುರುಕ್ ಅಂದಿತು.

ಕಸ ಅಂತ ಗೊತ್ತಾಗಲಿ ಅಂತಲೇ ಅಲ್ವಾ ನಾನು ಮಾಡಿದ್ದು? ಕತ್ತಿನ ಬಾಗಿಗೆ ಹಳೇ ಹ್ಯಾಂಗರ್‌ಗಳು, ಅದರ ಮೇಲಿನ ಕೂದಲಿಗೆ ಹಲ್ಲು ಮುರಿದ ಬಾಚಣಿಗೆಗಳು, ತೊಡೆಗೆ ಸೌಟುಗಳು, ಎದೆಯಲ್ಲಿ ಬಿರುಕುಬಿಟ್ಟ ನೀಲಿ ಮಗ್ಗು. ಹೊಟ್ಟೆಯ ಕಡೆ ಬೇಕಂತಲೇ ಸಂದು ಬಿಟ್ಟಿದ್ದೇನೆ. ಎಲ್ಲ ತುಂಬಿಸಿದರೆ ಕುದುರೆ ನಿಂತುಬಿಡುತ್ತದೆ. ಚಮಚಗಳೆಲ್ಲ ಹಿಂದಕ್ಕೆ ವಾಲಿ, ನಡುವೆ ಗಾಳಿ ಆಡಿದರೆ ಮಾತ್ರ ಓಡುತ್ತದೆ. ಇದನ್ನು ಕಲಿತದ್ದು ಜಪಾನಿನಲ್ಲಿ ಹುಟ್ಟಿದ ಕಲಾವಿದೆ ಸಯಾಕಾ ಗಾಂಜ್ ಅವರ ಕುದುರೆಗಳ ಚಿತ್ರ ನೋಡಿ. ಕಾಲ ಮುಗಿಯುವ ಮೊದಲೇ ಎಸೆದ ವಸ್ತುಗಳು ರಾತ್ರಿ ಕಸದ ಬುಟ್ಟಿಯಲ್ಲಿ ಅಳುತ್ತವೆ ಅಂತ ಅವರಿಗೆ ಶಿಶುವಿಹಾರದಲ್ಲಿ ಹೇಳಿಕೊಟ್ಟಿದ್ದರಂತೆ. ನಾನು ಅದನ್ನು ಸುಮ್ನೆ ಮಕ್ಕಳ ಕಥೆ ಅಂದುಕೊಂಡಿಲ್ಲ.

ಬಣ್ಣದ ಮಾತಿಗೆ ಬರುತ್ತೇನೆ. ಮೊದಲನೆಯದಾಗಿ ಅದು ನಿಲ್ಲುವುದೇ ಕಷ್ಟ. ಮನೆಯ ಮಗ್ಗು, ಬಕೆಟ್, ಡಬ್ಬಿಗಳು ಜಾಸ್ತಿ ಪಾಲಿಎಥಿಲೀನ್ ಇಲ್ಲವೇ ಪಾಲಿಪ್ರೊಪಿಲೀನ್ ಅನ್ನುವ ಜಾತಿಯ ಪ್ಲಾಸ್ಟಿಕ್. ತಳದ ತ್ರಿಕೋನದಲ್ಲಿ ಆ ಜಾತಿಯ ಗುರುತಾಗಿ 2, 4 ಅಥವಾ 5 ಅಂತ ಇರುತ್ತದೆ. ಇವಕ್ಕೆ ಮಾಮೂಲಿ ಬಣ್ಣವೂ ಹಿಡಿಯಲ್ಲ, ಅಂಟೂ ಹಿಡಿಯಲ್ಲ, ಸಿಪ್ಪೆ ಎದ್ದು ಬರುತ್ತದೆ. ಅದಕ್ಕೇ ತೂತು ಕೊರೆದು ತಂತಿಯಿಂದಲೋ ಕೇಬಲ್ ಟೈನಿಂದಲೋ ಚೌಕಟ್ಟಿಗೆ ಬಿಗಿಯುವುದು. ಬಣ್ಣ ಹೊಡೆಯುವವರನ್ನು ತೆಗಳುತ್ತಿಲ್ಲ. ಪೋರ್ಚುಗಲ್‌ನ ಲಿಸ್ಬನ್‌ನ ಕಲಾವಿದ ಬೊರ್ಡಾಲೊ II ಕಸದಿಂದ ಕಟ್ಟಿದ ದೊಡ್ಡ ಪ್ರಾಣಿಗಳಿಗೆ ಬಣ್ಣ ಬಳಿದರೂ ಹತ್ತಿರ ಹೋದರೆ ಟೈರು, ಬಂಪರ್ ಕಾಣುತ್ತವೆ. ಅಲ್ಲಿ ಬಣ್ಣ ಕಸವನ್ನು ಅಳಿಸುವುದಿಲ್ಲ. ಈ ಹಿರಿಯರು ಕೇಳಿದ್ದು ಅಳಿಸುವ ಬಣ್ಣ.

ನನಗೆ ಮತ್ತೆ ಮತ್ತೆ ಕಣ್ಣಿಗೆ ಬರುವುದು ಆ ಮಾತಿಗೆ ಮುಂಚಿನ ಒಂದು ಕ್ಷಣ. ಕುದುರೆಯ ಎದೆ ಸವರುತ್ತಿದ್ದಾಗ ಮಗ್ಗಿನ ಹಿಡಿ ಸಿಕ್ಕಿತು, ಅವರ ಬೆರಳು ತಾವಾಗಿಯೇ ಅದರೊಳಗೆ ಹೋಗಿ ಕೂತವು. ನೀರು ಮೊಗೆಯಲು ಹಿಡಿಯುತ್ತೇವಲ್ಲ, ಹಾಗೇ. ಕೈಗೆ ಗುರುತು ಸಿಕ್ಕಿತ್ತು. ಬಾಯಿ ಮಾತ್ರ ಅದನ್ನು ಬಣ್ಣದಿಂದ ಮುಚ್ಚಿಬಿಡಿ ಅಂದಿತು.

ವರ್ಷಗಟ್ಟಲೆ ದಿನಾ ಬೆಳಗ್ಗೆ ಹಿಡಿದ ಮಗ್ಗು, ಒಂದು ಬಿರುಕು ಬಿಟ್ಟ ತಕ್ಷಣ ನಮಗೆ ಪರಿಚಯವೇ ಇಲ್ಲದ ಹಾಗೆ ಆಗುತ್ತದೆ. ಚೀಲಕ್ಕೆ ಹಾಕಿ, ಗಂಟು ಕಟ್ಟಿ, ಹೊರಗಿಟ್ಟರೆ ಮುಗಿಯಿತು. ಮುಗಿಯಿತು ಅಂತ ನಾವು ಅಂದುಕೊಳ್ಳುವುದು ಅಷ್ಟೇ, ಅದು ನಮಗಿಂತ ಜಾಸ್ತಿ ಕಾಲ ಇರುತ್ತದೆ. ಒಂದು ಕುದುರೆಗೆ ಎಷ್ಟು ಸಾಮಾನು ಹಿಡಿದೀತು? ಒಂದೆರಡು ಮೂಟೆ. ಅದರಿಂದ ಲೋಕದ ಪ್ಲಾಸ್ಟಿಕ್ ಕರಗಲ್ಲ, ಆ ಲೆಕ್ಕಕ್ಕೆ ನಾನು ಇದನ್ನು ಮಾಡುತ್ತಲೂ ಇಲ್ಲ. ಎಸೆದವರು ತಾವು ಎಸೆದದ್ದನ್ನು ಎದುರಿಗೆ ನಿಂತು ಗುರುತು ಹಿಡಿಯಬೇಕು, ಅದೂ ಒಂದು ಚೆಂದದ ಪ್ರಾಣಿಯ ಮೈಯಲ್ಲಿ. ನನಗೆ ಬೇಕಾದ್ದು ಇಷ್ಟೇ.

ಕುದುರೆ ನೆರಳಲ್ಲೇ ಇರುತ್ತದೆ. ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಪೆಡಸಾಗಿ ಪುಡಿ ಉದುರುತ್ತದೆ, ಆ ಪುಡಿ ಮಣ್ಣಿಗೆ ಸೇರಿದರೆ ಮಾಡಿದ್ದೆಲ್ಲ ವ್ಯರ್ಥ. ಮುಂದೆ ಆಮೆ ಮಾಡುವ ಯೋಚನೆ. ಚಿಪ್ಪಿಗೆ ಹಳೇ ಬುಟ್ಟಿ ಸಿಕ್ಕಿದೆ, ಹಸಿರು ಮುಚ್ಚಳಗಳನ್ನು ಈಗಿನಿಂದಲೇ ಕೂಡಿಡುತ್ತಿದ್ದೇನೆ.